ಎಕ್ಸಲೇಟರ್ ಮೇಲಿನ ಕಾಲು

ನಾನು ಸಿಟ್ಟಿನ ಮನುಷ್ಯ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೂ ಒಂದಿತ್ತು. 'ಹುಲುಗೇಶ್ ಮೇಸ್ತ್ರಿ ಬೈದ್ರ ಬೈಲಿ, ಗಾಡಿ ಮಾತ್ರ ಸರಿ ಮಾಡ್ತಾನ' ಎಂದು ಹಡಗಲಿಯಲ್ಲಿ ನನ್ನ ಗ್ಯಾರೇಜಿಗೆ ಬರುವವರು ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿತ್ತು. ಆ ಮಾತಿನ ಮೊದಲರ್ಧವನ್ನೂ ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ. ಕಳೆದ ಜನವರಿಯ ಒಂದು ಬೆಳಿಗ್ಗೆ ಮಾಗಳದ ಗುರುಸಂಗಪ್ಪನವರ ಮನೆಯ ಕಟ್ಟೆಯ ಮೇಲೆ ಅದೇ ಸಿಟ್ಟಿನಿಂದ ಹನ್ನೆರಡು ನಿಮಿಷ ಕೂತೆ. ಹತ್ತು ಹೆಜ್ಜೆ ಆಚೆಗೆ, ಬಾಗಿಲು ಮುಚ್ಚಿದ ಜೀಪಿನ ಶೆಡ್ಡಿನಲ್ಲಿ, ಅವರ ಸೊಸೆ ಸುಕನ್ಯಾ ಸಾಯುತ್ತಿದ್ದಳು.

ಗುರುಸಂಗಪ್ಪನವರದು ಹೊಳೆದಂಡೆಯ ಮಲ್ಲಿಗೆ ತೋಟ. ನೆಲ ಕಪ್ಪು ಎರೆಮಣ್ಣಿನದು, ನೀರು ಬಿಟ್ಟ ದಿನ ಅಲ್ಲಿ ಟ್ರ್ಯಾಕ್ಟರೇ ಹೂತುಕೊಳ್ಳುತ್ತದೆ. ಅದಕ್ಕೇ ಅವರು ನಾಲ್ಕೂ ಗಾಲಿಗೆ ಎಳೆತ ಸಿಗುವ ಹಳೇ ಜೀಪೊಂದನ್ನು ಇಟ್ಟುಕೊಂಡಿದ್ದಾರೆ. ವಯಸ್ಸಿನಲ್ಲಿ ಅದು ನನಗಿಂತ ಎರಡು ವರ್ಷ ದೊಡ್ಡದು. ಈ ಕಡೆ ಇಂಥ ಜೀಪು ಇದ್ದವರೆಲ್ಲ ಪೆಟ್ರೋಲ್ ಎಂಜಿನ್ ಕಿತ್ತುಹಾಕಿ ಡೀಸೆಲ್ ಕೂರಿಸಿಕೊಂಡು ಎಷ್ಟೋ ವರ್ಷವಾಯಿತು. ಇವರು ಮಾತ್ರ ಒಪ್ಪಲಿಲ್ಲ. ಡೀಸೆಲ್ ಹೊಗೆ ಹೂವಿಗೆ ಹತ್ತುತ್ತದೆ, ದಾವಣಗೆರೆಯ ವ್ಯಾಪಾರಿ ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ಎತ್ತಿ ಮೂಸಿದನೆಂದರೆ ಮುಗಿಯಿತು, ಇಡೀ ಬುಟ್ಟಿ ವಾಪಸ್ಸು ಎಂದು ವಾದಿಸುತ್ತಿದ್ದರು.

ಹೊಗೆಯ ವಿಷಯದಲ್ಲಿ ಆ ಮನೆಯ ಶಿಸ್ತು ಮಠದಲ್ಲೂ ಕಾಣುವುದಿಲ್ಲ. ಬೆಳಿಗ್ಗೆ ಮೊಗ್ಗು ಬಿಡಿಸಿಕೊಂಡು ಬಂದು ಅಂಗಳದಲ್ಲಿ ಒದ್ದೆ ಬಟ್ಟೆಯ ಮೇಲೆ ಹರಡಿದ ಗಳಿಗೆಯಿಂದ ಹೂವು ಜೀಪು ಹತ್ತುವವರೆಗೆ ಯಾರೂ ಬೀಡಿ ಹಚ್ಚುವಂತಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಬಚ್ಚಲೊಲೆಗೆ ಉರಿ ಇಲ್ಲ, ದೇವರಿಗೂ ಊದುಬತ್ತಿ ಇಲ್ಲ. ಎಲ್ಲವೂ ಹೂವು ಹೋದ ಮೇಲೆ. ಚಳಿಗಾಲದಲ್ಲಿ ಮಲ್ಲಿಗೆ ಬಿಡುವುದೇ ಕಡಿಮೆಯಾದ್ದರಿಂದ ಆಗಂತೂ ಒಂದೊಂದು ಮೊಗ್ಗನ್ನೂ ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಳ್ಳುತ್ತಾರೆ.

ಹೂವನ್ನು ಹಡಗಲಿಯ ಬಸ್ ನಿಲ್ದಾಣಕ್ಕೆ ಮುಟ್ಟಿಸುವವಳು ಸುಕನ್ಯಾ. ಗಂಡ ಗವಿಸಿದ್ದೇಶ್ ದಾವಣಗೆರೆಯಲ್ಲೇ ಇದ್ದು ಬಸ್ಸಿನಿಂದ ಬುಟ್ಟಿ ಇಳಿಸಿಕೊಳ್ಳುತ್ತಾನೆ, ಈ ಕಡೆಯ ಕೆಲಸವೆಲ್ಲ ಇವಳದೇ. ಮೂವತ್ತರ ಒಳಗಿನ ಹೆಣ್ಣುಮಗಳು. ಎರೆ ಕೆಸರಿನಲ್ಲಿ ಇವಳು ಜೀಪು ಓಡಿಸುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾದದ್ದೂ ಉಂಟು. ಗೇರು ಬದಲಿಸುವುದು ಕೇಳಿಸುವುದೇ ಇಲ್ಲ. ಎಂಜಿನ್ನು ಏನು ಕೇಳುತ್ತಿದೆ ಎಂಬುದು ಇವಳ ಪಾದಕ್ಕೆ ಗೊತ್ತಾಗುತ್ತದೆ.

ಡಿಸೆಂಬರಿನಲ್ಲಿ ಫೋನು ಮಾಡಿದವಳೂ ಅವಳೇ. ಬೆಳಿಗ್ಗೆ ಜೀಪು ಎದ್ದೇಳುತ್ತದೆ, ಆದರೆ ನಿಲ್ಲುವುದಿಲ್ಲ. ಎಕ್ಸಲೇಟರ್ ಮೇಲಿಂದ ಕಾಲು ತೆಗೆದರೆ ಸತ್ತುಹೋಗುತ್ತದೆ. ಅರ್ಧ ತಾಸು ಕಾಲು ಒತ್ತಿಕೊಂಡೇ ಕೂರಬೇಕು, ಆಮೇಲೆ ಸರಿಹೋಗುತ್ತದೆ ಎಂದಳು. ಪೆಟ್ರೋಲ್ ಸಿಕ್ಕಾಪಟ್ಟೆ ಕುಡಿಯುತ್ತಿದೆ ಎಂದಳು. ಬೆಳಿಗ್ಗೆ ತಲೆ ಹಿಡಿದಂತಾಗುತ್ತದೆ ಎಂದೂ ಹೇಳಿದಳು. ಚಳಿಗೆ ಕಿವಿಗೆ ಬಟ್ಟೆ ಕಟ್ಟಿಕೋ ತಾಯಿ ಎಂದೆ. ಗಾಡಿ ಬಿಟ್ಟು ಮನುಷ್ಯರ ತಲೆಯ ಬಗ್ಗೆ ಯಾರಾದರೂ ಮಾತಾಡಿದರೆ ನನಗೆ ಆಗ ಅಷ್ಟೇ ತಾಳ್ಮೆ ಇದ್ದದ್ದು.

ರೋಗ ಏನೆಂದು ಫೋನಿನಲ್ಲೇ ಅರ್ಧ ಗೊತ್ತಾಗಿತ್ತು. ಹಳೆಯ ಪೆಟ್ರೋಲ್ ಎಂಜಿನ್ನು ತಣ್ಣಗಿರುವಾಗ ಪೆಟ್ರೋಲು ಸರಿಯಾಗಿ ಆವಿಯಾಗದೆ ಹನಿಯಾಗಿಯೇ ಉಳಿಯುತ್ತದೆ. ಅದಕ್ಕಾಗಿ ಚೋಕ್ ಎಂಬ ಗುಂಡಿ ಇರುತ್ತದೆ. ಅದನ್ನೆಳೆದರೆ ಕಾರ್ಬೊರೇಟರಿನ ಬಾಯಲ್ಲಿರುವ ಸಣ್ಣ ಬಿಲ್ಲೆ ಮುಚ್ಚಿಕೊಂಡು ಗಾಳಿ ಕಡಿಮೆಯಾಗುತ್ತದೆ, ಪೆಟ್ರೋಲು ಹೆಚ್ಚು ಹೋಗುತ್ತದೆ. ಎಂಜಿನ್ ಬಿಸಿಯಾದ ಹಾಗೆ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳಿ ಬಿಲ್ಲೆ ತೆರೆಸಬೇಕು. ತೆರೆಯದಿದ್ದರೆ ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಕುಡಿದು ಅರ್ಧ ಸುಟ್ಟದ್ದನ್ನು ಹೊಗೆಯಾಗಿ ಕಾರುತ್ತದೆ. ಆ ಹೊಗೆಯಲ್ಲಿ ಕಣ್ಣಿಗೆ ಕಾಣದ, ವಾಸನೆಯೇ ಇಲ್ಲದ ಒಂದು ವಿಷ ಇರುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು ಮಾಡುತ್ತಿದ್ದೇನೆ.

ಈ ರಿಪೇರಿಗೆಂದು ಮೊದಲ ಸಲ ನಾನು ಮಾಗಳಕ್ಕೆ ಹೋದಾಗ ಹಗಲು ಹತ್ತು ಗಂಟೆ. ಜೀಪು ಆಗಷ್ಟೇ ಹಡಗಲಿಯಿಂದ ಬಂದು ಬಿಸಿಬಿಸಿಯಾಗಿ ನಿಂತಿತ್ತು. ಕೀಲಿ ತಿರುಗಿಸಿದರೆ ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ನನಗೆ ಕೆಂಡದಂಥ ಸಿಟ್ಟು ಬಂತು. ಅಂಗಳದಲ್ಲೇ ನಿಂತು ಅವಳಿಗೆ ಅಂದೆ:

"ರೋಗ ಇದ್ದಾಗ ತೋರಸಬೇಕವ್ವಾ. ವಾಸಿ ಆದ ಮ್ಯಾಲೆ ನಾ ಏನ್ ನಾಡಿ ಹಿಡೀಲಿ?"

ಸುಕನ್ಯಾ ತಲೆ ತಗ್ಗಿಸಿ ಆಯ್ತು ಮೇಸ್ತ್ರಿ ಎಂದಳು. ಇನ್ನೊಂದು ದಿನ ಬೆಳಿಗ್ಗೆ ಆರಕ್ಕೆ ಬರುತ್ತೇನೆ, ರಾತ್ರಿಯಿಡೀ ತಣ್ಣಗಾದ ಎಂಜಿನ್ನು ಮೊದಲ ಸಲ ಕೆಮ್ಮುವುದನ್ನು ನಾನೇ ನೋಡಬೇಕು, ಅಲ್ಲಿಯವರೆಗೆ ಯಾರೂ ಬಾನೆಟ್ ಮುಟ್ಟಬೇಡಿ ಎಂದು ಹೇಳಿ ಬಂದೆ. ಅವತ್ತು ಶೆಡ್ಡಿನ ಬಾಗಿಲು ಹಾರು ಹೊಡೆದು ತೆರೆದಿತ್ತು. ಹಿಂದಿನ ಗೋಡೆಯಲ್ಲಿ ಒಂದು ಕಿಟಕಿಯೂ ಇತ್ತು, ಅದರೊಳಗಿಂದ ಹೊಳೆ ಕಡೆಯ ಗಾಳಿ ಬರುತ್ತಿತ್ತು.

ಆ 'ಇನ್ನೊಂದು ದಿನ' ಬಂದದ್ದು ಸಂಕ್ರಾಂತಿ ಮುಗಿದ ವಾರ. ಆರಕ್ಕೆ ಬರುತ್ತೇನೆಂದವನು ಎದ್ದದ್ದೇ ಐದೂ ಮುಕ್ಕಾಲಿಗೆ. ಹೆಂಡತಿ ಕೋಮಲಾ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು, ರಾತ್ರಿ ಪಾಳಿಗೆ ಹೋಗಿದ್ದಳು. ಎಬ್ಬಿಸುವವರು ಯಾರೂ ಇರಲಿಲ್ಲ. ಮುಖಕ್ಕೆ ನೀರು ಹಾಕಿಕೊಂಡು ಬೈಕ್ ಏರಿದೆ. ದಾರಿಯುದ್ದಕ್ಕೂ ಮಂಜು ಕವಿದಿತ್ತು, ಕೈಬೆರಳು ಮರಗಟ್ಟಿದವು. ಗುರುಸಂಗಪ್ಪನವರ ಮನೆ ಮುಂದೆ ಬೈಕ್ ನಿಲ್ಲಿಸಿದಾಗ ಮೊಬೈಲು ಆರು ಇಪ್ಪತ್ತು ತೋರಿಸುತ್ತಿತ್ತು. ಬಾಗಿಲು ಮುಚ್ಚಿದ್ದ ಶೆಡ್ಡಿನೊಳಗೆ ಜೀಪು ಆಗಲೇ ಚಾಲೂ ಆಗಿತ್ತು.

ತಡವಾಗಿ ಬಂದವನು ನಾನು. ಸಿಟ್ಟು ಬಂದದ್ದು ಮಾತ್ರ ಅವರ ಮೇಲೆ.

ಗುರುಸಂಗಪ್ಪ ಅಂಗಳದಿಂದ ಎದ್ದು ಬಂದು ಆರು ಐದರವರೆಗೆ ಕಾದೆವು, ಏಳೂಕಾಲಿನ ಬಸ್ಸು ತಪ್ಪಿದರೆ ಹೂವೆಲ್ಲ ಅರಳಿ ಕೂರುತ್ತದೆ, ಅದಕ್ಕೇ ಸುಕನ್ಯಾ ಚಾಲೂ ಮಾಡಿದಳು, ನೀವು ಬಂದು ಸದ್ದು ಕೇಳಲೆಂದು ದಿನಾ ಮಾಡುವ ಹಾಗೇ ಮಾಡಿದ್ದಾಳೆ ಎಂದರು. ಅವರ ದನಿಯಲ್ಲಿ ತಪ್ಪೊಪ್ಪಿಗೆಯೇ ಇತ್ತು. ಅರವತ್ತೈದು ದಾಟಿದ ಹಿರಿಯರು, ನನ್ನಂಥವನಿಗೆ ಬಹುವಚನ ಹಚ್ಚಿ ಮಾತಾಡುವವರು. ನನಗೆ ಅದೂ ಸಾಕಾಗಲಿಲ್ಲ.

"ಎದ್ದ ಮ್ಯಾಲೆ ನೋಡೋದು ಏನೈತ್ರಿ. ಬಿಸಿ ಆಗಲಿ ಬಿಡ್ರಿ, ನಾ ಇಲ್ಲೇ ಕುಂತಿರ್ತೀನಿ."

ಹಾಗೆಂದು ಕಟ್ಟೆಯ ಮೇಲೆ ಕೂತೆ. ಅವರಿಗೆ ಬುದ್ಧಿ ಬರಲಿ ಎಂಬುದು ನನ್ನ ಲೆಕ್ಕ. ಅವರ ಹೆಂಡತಿ ಕಲ್ಯಾಣಮ್ಮ ಸ್ಟೀಲ್ ಲೋಟದಲ್ಲಿ ಚಹಾ ತಂದುಕೊಟ್ಟರು. ಅಂಗಳದಲ್ಲಿ ಹೂ ಬಿಡಿಸುವ ಹೆಂಗಸರು ಏಳೆಂಟು ಜನ ಕೂತು ಮೊಗ್ಗು ಆರಿಸಿ ಬುಟ್ಟಿಗೆ ತುಂಬುತ್ತಿದ್ದರು. ಅವರಲ್ಲಿ ಹಿರಿಯಳಾದ ಪಂಪಮ್ಮ ನನ್ನ ಮುಖ ನೋಡಿ, ಮೇಸ್ತ್ರಿಗೆ ಸಕ್ಕರೆ ಕಡಿಮೆ ಬಿದ್ದಿರಬೇಕು ಎಂದು ಚುಡಾಯಿಸಿದಳು. ಉಳಿದವರು ನಕ್ಕರು. ನಾನು ಮೊಬೈಲು ತೆಗೆದು ಏನೋ ನೋಡುವವನ ಹಾಗೆ ನಟಿಸಿದೆ. ಗುರುಸಂಗಪ್ಪ ಎರಡು ಸಲ ಬಂದು, ಒಳಗೆ ಹೋಗೋಣವೇ ಎಂದು ಕೇಳಿದರು. ಎರಡು ಸಲವೂ ತಡೀರಿ ಎಂದೆ.

ಆದರೆ ಕಿವಿ ಎಂಬುದು ನನ್ನ ಮಾತು ಕೇಳುವುದಿಲ್ಲ. ಬೇಡವೆಂದರೂ ಅದು ಶೆಡ್ಡಿನ ಕಡೆಗೇ ಇತ್ತು. ಪೆಟ್ರೋಲು ಹೆಚ್ಚಾಗಿ ಕುಡಿದ ಎಂಜಿನ್ನಿನ ಸದ್ದು ಕುಂಟುವ ಮನುಷ್ಯ ನಡೆದಂತಿರುತ್ತದೆ. ಎರಡು ಹೆಜ್ಜೆ ಸರಿ, ಮೂರನೆಯದು ಜೋಲಿ. ಪ್ರತಿ ಸಲ ಸದ್ದು ಬೀಳಲು ಹೋದಾಗ ಒಳಗೆ ಸುಕನ್ಯಾಳ ಕಾಲು ಒಂದಿಷ್ಟು ಒತ್ತಿ ಅದನ್ನು ಎತ್ತುತ್ತಿತ್ತು. ಎದ್ದರೆ ಸಡಿಲಿಸುತ್ತಿತ್ತು. ಸಿಟ್ಟಿನಲ್ಲೂ ನಾನು ಅದನ್ನು ಮೆಚ್ಚಿದೆ. ಇಷ್ಟು ಚೆನ್ನಾಗಿ ಹಿಡಿದಿದ್ದಾಳೆ, ಇನ್ನೂ ಹತ್ತು ನಿಮಿಷ ಹಿಡಿಯಲಿ ಎಂದುಕೊಂಡೆ.

ಚಹಾ ಮುಗಿಯುತ್ತ ಬಂದಾಗ ನನಗೆ ಒಂದು ವಿಷಯ ಹೊಂದಲಿಲ್ಲ. ಇಷ್ಟು ಹೊತ್ತಿಗೆ ಎಂಜಿನ್ ಬಿಸಿಯಾಗಿರಬೇಕು. ಬಿಸಿಯಾದ ಮೇಲೆ ಕುಂಟುವುದು ಕಡಿಮೆಯಾಗಬೇಕು. ದಿನಾ ಹಾಗೇ ಆಗುತ್ತದೆಂದು ಅವಳೇ ಹೇಳಿದ್ದಳು. ಇವತ್ತು ಅದು ಹೆಚ್ಚುತ್ತಿತ್ತು. ಸದ್ದು ದಪ್ಪಗಾಗಿ, ಉಬ್ಬಸದವನು ಎದೆಯಿಂದ ಎಳೆಯುವ ಉಸಿರಿನಂತೆ ಬರುತ್ತಿತ್ತು. ಎಂಜಿನ್ನಿಗೆ ಗಾಳಿ ಸಾಲುತ್ತಿರಲಿಲ್ಲ. ಅದೂ ಅಲ್ಲದೆ ಸದ್ದು ಬಿದ್ದಾಗ ಎತ್ತುವ ಕಾಲು ಈಗ ಎತ್ತುತ್ತಿರಲಿಲ್ಲ. ಒಂದೇ ಸಮ ಒತ್ತಿಕೊಂಡು ಸುಮ್ಮನಿತ್ತು.

ನಾನು ಮೂಗೆಳೆದು ಉಸಿರು ತೆಗೆದುಕೊಂಡೆ. ಹತ್ತೇ ಹೆಜ್ಜೆ ದೂರದಲ್ಲಿ ಅರ್ಧ ತಾಸಿನಿಂದ ಹೊಗೆ ಕಾರುತ್ತಿರುವ ಎಂಜಿನ್ನು. ನನ್ನ ಮೂಗಿಗೆ ಬಂದದ್ದು ಮಲ್ಲಿಗೆ ಮಾತ್ರ.

"ಯಜಮಾನ್ರ, ಹೊಗಿ ಎಲ್ಲಿ ಹೋಗಾಕತ್ತೈತ್ರಿ?"

ಗುರುಸಂಗಪ್ಪನವರ ಮುಖ ಅರಳಿತು. ಬೆಳಿಗ್ಗೆಯಿಂದ ಬೈಸಿಕೊಂಡವರಿಗೆ ಕೊನೆಗೂ ಹೇಳಿಕೊಳ್ಳಲು ಒಂದು ಒಳ್ಳೆಯ ಸಂಗತಿ ಸಿಕ್ಕಿತ್ತು.

"ಒಂದು ಎಳಿ ಹೊಗೀನೂ ಹೊರಗ ಬರಂಗಿಲ್ಲ ಮೇಸ್ತ್ರಿ. ಕಿಟಕಿಗೆ ತಾಡಪಾಲು ಹೊಡದು ಬಂದ್ ಮಾಡೀವಿ, ಬಾಗಿಲ ಬುಡಕ್ಕ ಹಸಿ ಚೀಲ ಇಟ್ಟೀವಿ. ಹೂವಿಗೆ ಹತ್ತಬಾರದಂತ ನಿನ್ನೇನೇ ಮಾಡಿದ್ದು."

ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ. ಓಡಿ ಹೋಗಿ ಬಾಗಿಲಿಗೆ ಭುಜ ಕೊಟ್ಟೆ. ಹಳೆಯ ಕಾಲದ ಜೋಡಿ ಬಾಗಿಲು, ಅಲುಗಲಿಲ್ಲ. ಗಾಳಿಗೆ ತೆರೆದುಕೊಳ್ಳಬಾರದೆಂದು ಒಳಗಿನಿಂದ ಅಗಳಿ ಹಾಕಿಕೊಂಡಿದ್ದಳು. ಸುಕನ್ಯಾ ಎಂದು ಕೂಗಿದೆ. ಎಂಜಿನ್ನು ಮಾತ್ರ ಉತ್ತರ ಕೊಟ್ಟಿತು. ಹಿಂದುಗಡೆ ಓಡಿದೆ. ಕಿಟಕಿಯ ಮೇಲೆ ನೀಲಿ ತಾಡಪಾಲನ್ನು ರೀಪಿನ ಪಟ್ಟಿ ಇಟ್ಟು ಮೊಳೆ ಹೊಡೆದಿದ್ದರು, ಅಚ್ಚುಕಟ್ಟಾದ ಕೆಲಸ. ಕಿಸೆಯಲ್ಲಿದ್ದ ದೊಡ್ಡ ಸ್ಕ್ರೂಡ್ರೈವರಿನಿಂದ ಸೀಳಿದೆ, ಪಟ್ಟಿಯನ್ನು ಕಿತ್ತೆ, ಕೈ ಎಲ್ಲಿ ಹರಿಯಿತೋ ತಿಳಿಯಲಿಲ್ಲ. ಒಳಗಿನ ಗಾಳಿ ಬಿಸಿಯಾಗಿ ಮುಖಕ್ಕೆ ಬಡಿಯಿತು. ಉಸಿರು ಬಿಗಿಹಿಡಿದು ಒಳಗೆ ಧುಮುಕಿದೆ.

ಸುಕನ್ಯಾ ಸ್ಟೇರಿಂಗ್ ಮೇಲೆ ಹಣೆ ಇಟ್ಟು ಕೂತಿದ್ದಳು, ದಣಿದು ನಿದ್ದೆ ಹೋದವರ ಹಾಗೆ. ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಬಲಗಾಲು ಎಕ್ಸಲೇಟರಿನ ಮೇಲೆಯೇ ಇತ್ತು. ನಾನು ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದೆ, ಬಾಗಿಲಿಗೆ ಹೋಗಿ ಅಗಳಿ ಎತ್ತಿ ಎರಡೂ ಪಡಿಯನ್ನು ಎಳೆದು ತೆರೆದೆ. ಗುರುಸಂಗಪ್ಪ ಮತ್ತು ಪಂಪಮ್ಮ ಒಳಗೆ ನುಗ್ಗಿ ಅವಳನ್ನು ಎತ್ತಿಕೊಂಡರು. ಅಂಗಳದಲ್ಲಿ ಹೂವು ಹರಡಿದ್ದ ಬಟ್ಟೆಯ ಪಕ್ಕದಲ್ಲೇ ಮಲಗಿಸಿದರು. ಮೊಬೈಲು ನೋಡಿದೆ, ಆರು ಮೂವತ್ತೆರಡು. ಆ ಹೊತ್ತಿನಲ್ಲಿ ಸಮಯ ಯಾಕೆ ನೋಡಿದೆನೋ ನನಗೇ ತಿಳಿಯದು.

ಉಸಿರಿತ್ತು, ತೀರಾ ಮೇಲುಮೇಲಿನದು. ಕಣ್ಣರೆಪ್ಪೆ ಎತ್ತಿದರೆ ಅವಳು ಅಲ್ಲಿರಲಿಲ್ಲ. ಕಲ್ಯಾಣಮ್ಮ ಅವಳ ಪಾದಗಳನ್ನು ತಿಕ್ಕುತ್ತ ಅವಳ ಹೆಸರನ್ನೇ ಕರೆಯುತ್ತಿದ್ದರು. ನಾನು ಕೋಮಲಾಗೆ ಫೋನು ಹಚ್ಚಿದೆ. ಅವಳು ಎರಡೇ ಮಾತಿನಲ್ಲಿ ವಿಷಯ ತಿಳಿದುಕೊಂಡಳು. ಬಾಯಿಗೆ ನೀರು ಹಾಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ, ಆಕ್ಸಿಜನ್ ತಯಾರಿಟ್ಟಿರುತ್ತೇನೆ, ಇದ್ದ ಗಾಡಿಯಲ್ಲಿ ತನ್ನಿ ಎಂದಳು. ಆಮೇಲೆ ಕೇಳಿದಳು:

"ಎಷ್ಟೊತ್ತು ಒಳಗಿದ್ಲು?"

"ಗೊತ್ತಿಲ್ಲ. ಸ್ವಲ್ಪ ಹೊತ್ತು," ಎಂದು ಫೋನಿಟ್ಟೆ.

ಆಂಬುಲೆನ್ಸಿಗೆ ಪಂಪಮ್ಮ ಫೋನು ಮಾಡಿಸಿದ್ದಳು. ಅದು ಹೆರಿಗೆಯ ಕೇಸಿಗೆ ದೂರದ ಊರಿಗೆ ಹೋಗಿತ್ತು, ಮುಕ್ಕಾಲು ಗಂಟೆ ಬೇಕೆಂದರು. ಆ ಓಣಿಯಲ್ಲಿ ನಾಲ್ಕು ಗಾಲಿಯ ಗಾಡಿ ಎಂದರೆ ಇದೊಂದೇ ಜೀಪು. ಅವಳನ್ನು ಹೀಗೆ ಮಾಡಿದ ಜೀಪಿನಲ್ಲೇ ಅವಳನ್ನು ಒಯ್ಯಬೇಕಿತ್ತು.

ಕೀಲಿ ತಿರುಗಿಸಿದೆ. ಎಂಜಿನ್ ಗರಗರ ಸುತ್ತಿತು, ಹಿಡಿಯಲಿಲ್ಲ. ಇನ್ನೊಮ್ಮೆ ತಿರುಗಿಸಿದೆ. ಬಾನೆಟ್ ಎತ್ತಿ ಗಾಳಿ ಸೋಸುವ ಡಬ್ಬಿಯನ್ನು ಕಿತ್ತೆಸೆದು ನೋಡಿದರೆ ಕಾರ್ಬೊರೇಟರ್ ಪೆಟ್ರೋಲಿನಲ್ಲಿ ತೊಯ್ದಿತ್ತು. ಚೋಕಿನ ಗುಂಡಿಯನ್ನು ಸುಕನ್ಯಾ ಎಂದೋ ಒಳಗೆ ತಳ್ಳಿದ್ದಳು, ಅವಳ ಕಡೆಯಿಂದ ಏನೂ ತಪ್ಪಿರಲಿಲ್ಲ. ಬಿಲ್ಲೆ ಮಾತ್ರ ಬಾಯಿ ಮುಚ್ಚಿಕೊಂಡೇ ಕೂತಿತ್ತು. ಅದನ್ನು ತೆರೆಯುವ ಬೆರಳುದ್ದದ ಸ್ಪ್ರಿಂಗು ತುಂಡಾಗಿ ನೇತಾಡುತ್ತಿತ್ತು. ಡಿಸೆಂಬರಿನಲ್ಲಿ ಬೈಯುವ ಬದಲು ಈ ಡಬ್ಬಿಯನ್ನು ಎತ್ತಿ ನೋಡಿದ್ದರೆ ಅದು ಸವೆದು ಸೋತಿರುವುದು ಅವತ್ತೇ ಕಾಣುತ್ತಿತ್ತು. ಬಿಸಿ ಎಂಜಿನ್ನಿನಲ್ಲಿ ನೋಡುವುದೇನಿದೆ ಎಂದು ನಾನು ಎತ್ತಿರಲಿಲ್ಲ.

ಬಿಲ್ಲೆಯನ್ನು ಬೆರಳಿನಿಂದ ತೆರೆದು ತಂತಿ ಸುತ್ತಿ ಬಿಗಿದೆ. ಎಕ್ಸಲೇಟರನ್ನು ನೆಲಕ್ಕೆ ಒತ್ತಿ ಹಿಡಿದು ಮತ್ತೆ ಕೀಲಿ ತಿರುಗಿಸಿದೆ; ಒಳಗೆ ತುಂಬಿಕೊಂಡ ಪೆಟ್ರೋಲನ್ನು ಗಾಳಿಯಿಂದ ಉಗುಳಿಸಲು ಇರುವ ದಾರಿ ಅದೊಂದೇ. ಬ್ಯಾಟರಿ ಸೋಲುತ್ತ ಬಂತು. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಅಂತರ ಹೆಚ್ಚಿತು, ಆಮೇಲೆ ಟಕ್ ಎಂದು ಸುಮ್ಮನಾಯಿತು. ಅಷ್ಟರಲ್ಲಿ ಪಂಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಉಳಿದವರನ್ನು ಎಬ್ಬಿಸಿಕೊಂಡು ಬಂದಳು.

"ಹತ್ತಸ್ರಿ ಆಕಿನ್ನ. ನಾವು ದಬ್ತೀವಿ."

ಹಿಂದಿನ ಸೀಟಿನಲ್ಲಿ ಕಲ್ಯಾಣಮ್ಮ ಕೂತು ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಗುರುಸಂಗಪ್ಪ ಕಾಲು ಹಿಡಿದು ಕೂತರು. ಜೀಪಿನ ಪಕ್ಕದ ಪರದೆಗಳನ್ನೆಲ್ಲ ಎತ್ತಿ ಕಟ್ಟಿದೆ. ಎಂಟು ಜನ ಹೆಂಗಸರು ದಬ್ಬಿದರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಜೀಪು ಮುಗ್ಗರಿಸಿ ನಿಂತಿತು. ಮತ್ತೆ ದಬ್ಬಿದರು. ಮತ್ತೆ ಮುಗ್ಗರಿಸಿತು. ಮೂರನೆಯ ಸಲ ಅಂಗಳದ ಇಳಿಜಾರಿನಲ್ಲಿ ಓಡುತ್ತ ದಬ್ಬಿದಾಗ ಎಂಜಿನ್ ಎರಡು ಸಲ ಸಿಡಿದು ಹಿಡಿದುಕೊಂಡಿತು. ಹಿಂದಿನಿಂದ ಕಪ್ಪು ಹೊಗೆ ಬುಸ್ಸನೆ ಎದ್ದು ಅಂಗಳದ ಹೂವಿನ ಮೇಲೆಲ್ಲ ಕವಿಯಿತು. ಕಲ್ಯಾಣಮ್ಮ ಅತ್ತ ತಿರುಗಿಯೂ ನೋಡಲಿಲ್ಲ.

ಹಡಗಲಿಗೆ ಹೋಗುವ ಆ ದಾರಿ ನನಗೆ ಅಂಗೈಯಷ್ಟು ಪರಿಚಿತ. ಅವತ್ತು ಅದು ಮುಗಿಯಲಿಲ್ಲ. ಮಂಜಿನಲ್ಲಿ ಎದುರಿನ ಗಾಡಿ ಹತ್ತಿರ ಬಂದ ಮೇಲೆಯೇ ಕಾಣುತ್ತಿತ್ತು. ನಾನು ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಸ್ವಲ್ಪ ಸ್ವಲ್ಪ ಹೊತ್ತಿಗೆ ಹಿಂದೆ ತಿರುಗದೆಯೇ ಉಸಿರಿದೆಯೇ ಎಂದು ಕೇಳುತ್ತಿದ್ದೆ. ಐತಿ ಎಂದು ಕಲ್ಯಾಣಮ್ಮ ಹೇಳುತ್ತಿದ್ದರು. ಒಂದು ಸೇತುವೆ ದಾಟಿದ ಮೇಲೆ ಕೇಳಿದಾಗ ಉತ್ತರ ಬರಲಿಲ್ಲ. ಮತ್ತೆ ಕೇಳಿದೆ. ಆಗಲೂ ಬರಲಿಲ್ಲ. ಎಕ್ಸಲೇಟರನ್ನು ಇನ್ನಷ್ಟು ಒತ್ತಿದೆ. ಆಮೇಲೆ ಗುರುಸಂಗಪ್ಪ ಐತಿ, ನಡೀರಿ ಎಂದರು. ಕಲ್ಯಾಣಮ್ಮನಿಗೆ ಅಳುವಿನಲ್ಲಿ ಮಾತು ಬಂದಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಕೋಮಲಾ ಸ್ಟ್ರೆಚರ್ ಹಿಡಿದು ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿ ಆಕ್ಸಿಜನ್ನನ್ನು ಪೂರ್ತಿ ತೆರೆದಳು. ಬೆರಳಿಗೆ ಕ್ಲಿಪ್ ಹಾಕಿದಾಗ ಯಂತ್ರ ತೊಂಬತ್ತೆಂಟು ತೋರಿಸಿತು. ಕೊರೊನಾದ ಕಾಲದಿಂದ ಆ ಅಂಕಿಯ ಅರ್ಥ ಎಲ್ಲರಿಗೂ ಗೊತ್ತು. ಗುರುಸಂಗಪ್ಪನವರ ಮುಖಕ್ಕೆ ಜೀವ ಬಂತು. ಅಲ್ಲಿದ್ದವರಿಗೆಲ್ಲ ಮೇಸ್ತ್ರಿ ಕಿಟಕಿ ಒಡೆದು ಒಳಗೆ ಹಾರಿದರು, ದೇವರ ಹಾಗೆ ಬಂದರು ಎಂದು ಹೇಳಿ ನನ್ನ ಎದುರು ಕೈ ಮುಗಿದು ನಿಂತರು. ನನ್ನ ಕೈಯಿಂದ ರಕ್ತ ಸೋರುತ್ತಿದ್ದುದನ್ನು ಯಾರೋ ತೋರಿಸಿದರು. ಅದೂ ನನ್ನ ಹೆಸರಿಗೇ ಜಮಾ ಆಯಿತು.

ಕೋಮಲಾ ಮಾತ್ರ ತಲೆ ಅಲ್ಲಾಡಿಸಿದಳು. ಈ ವಿಷ ರಕ್ತದಲ್ಲಿ ಸೇರಿದಾಗ ಕ್ಲಿಪ್ಪು ಅದನ್ನೇ ಆಕ್ಸಿಜನ್ ಎಂದು ತಿಳಿಯುತ್ತದೆ, ಈ ಅಂಕಿಯನ್ನು ನಂಬುವ ಹಾಗಿಲ್ಲ ಎಂದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಶಾಂತ. ರಕ್ತದಲ್ಲಿ ವಿಷ ಎಷ್ಟಿದೆ ಎಂದು ಅಳೆಯುವ ಯಂತ್ರ ಇಲ್ಲಿಲ್ಲ, ಎಷ್ಟು ನಿಮಿಷ ಒಳಗಿದ್ದಳು ಎಂಬುದರ ಮೇಲೆಯೇ ನಾನು ತೀರ್ಮಾನ ಮಾಡಬೇಕು ಎಂದರು. ಸ್ವಲ್ಪ ಹೊತ್ತೇ ಆದರೆ ಇಲ್ಲಿಯೇ ಆಕ್ಸಿಜನ್ ಕೊಟ್ಟು ನೋಡಬಹುದು, ಬಹಳ ಹೊತ್ತಾಗಿದ್ದರೆ ಮಿದುಳಿಗೂ ಹೃದಯಕ್ಕೂ ಪೆಟ್ಟಾಗಿರಬಹುದು, ತಡಮಾಡದೆ ದಾವಣಗೆರೆಗೆ ಕಳಿಸಬೇಕು ಎಂದರು.

"ಮೇಸ್ತ್ರಿ ಬಂದ ಕೂಡ್ಲೇ ತೆಗದಾರ್ರಿ," ಎಂದರು ಗುರುಸಂಗಪ್ಪ. "ಹತ್ತು ನಿಮಿಷ ಇರಬೇಕು, ಬಾಳ ಆದ್ರ."

ಅವರು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಗಾಬರಿಯಲ್ಲಿ ಅವರಿಗೆ ಹಾಗೇ ಕಂಡಿತ್ತು, ಹಾಗೇ ಇರಲಿ ಎಂಬ ಆಸೆಯೂ ಇತ್ತು. ಡಾಕ್ಟರು ಪೆನ್ನು ತೆಗೆದು ಹತ್ತು ಎಂದು ಬರೆಯಲು ಹೋದರು. ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಸುಮ್ಮನಿದ್ದೆನೋ, ಒಂದು ಉಸಿರು ಅಥವಾ ಎರಡು. ಸುಮ್ಮನಿದ್ದರೆ ಈ ಕೈಮುಗಿದ ಮುದುಕರು ಸಾಯುವವರೆಗೆ ನನ್ನನ್ನು ನೆನೆಯುತ್ತಾರೆ ಎಂಬ ಯೋಚನೆ ಬಂದದ್ದು ನಿಜ. ಅದನ್ನು ಇಲ್ಲಿ ಮುಚ್ಚಿಟ್ಟು ಏನಾಗಬೇಕು. ಆಮೇಲೆ ಕೋಮಲಾ ನನ್ನ ಮುಖ ನೋಡಿದಳು. ಹನ್ನೊಂದು ವರ್ಷದಿಂದ ನೋಡುತ್ತ ಬಂದ ಮುಖ ಅದು, ಅವಳಿಗೆ ಗೊತ್ತಾಗಿಬಿಟ್ಟಿತ್ತು.

"ಸರಿಯಾಗಿ ಹೇಳ್ರಿ," ಎಂದಳು.

"ಆರು ಐದಕ್ಕ ಚಾಲೂ ಮಾಡ್ಯಾರ. ಬಾಗಿಲು ತೆಗದಿದ್ದು ಆರು ಮೂವತ್ತೆರಡಕ್ಕ," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ಡಾಕ್ಟರಿಗೆ ಬೇಕಾದದ್ದು ಅಷ್ಟೇ. ನಿಲ್ಲಿಸಲು ಆಗಲಿಲ್ಲ. "ನಾ ಬಂದಿದ್ದು ಆರು ಇಪ್ಪತ್ತಕ್ಕ. ಹನ್ನೆರಡು ನಿಮಿಷ ಕಟ್ಟಿ ಮ್ಯಾಲೆ ಕುಂತಿದ್ದೆ. ಸಿಟ್ಟು ಬಂದಿತ್ತು."

ಗುರುಸಂಗಪ್ಪನವರ ಮುಗಿದ ಕೈಗಳು ಹಾಗೇ ಸ್ವಲ್ಪ ಹೊತ್ತು ಇದ್ದವು, ಆಮೇಲೆ ಬೇರೆಯಾದವು. ಕಿಟಕಿಗೆ ಮೊಳೆ ಹೊಡೆದ ಕೈ ಅವು. ಅವನ್ನು ಅವರು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಡಾಕ್ಟರು ಇಪ್ಪತ್ತೇಳು ನಿಮಿಷ ಎಂದು ಬರೆದು, ದಾವಣಗೆರೆಗೆ ಆಂಬುಲೆನ್ಸ್ ಕರೆಸಲು ಹೇಳಿದರು.

ಆಂಬುಲೆನ್ಸ್ ಬರುವ ಮೊದಲೇ ಸುಕನ್ಯಾ ಕಣ್ಣು ಬಿಟ್ಟಳು. ಮೊದಲು ಮೇಲಿನ ಫ್ಯಾನನ್ನು ನೋಡಿದಳು, ಆಮೇಲೆ ಅತ್ತೆಯನ್ನು. ಕಲ್ಯಾಣಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಡಾಕ್ಟರು ಮಂಚದ ಪಕ್ಕ ಬಗ್ಗಿ ಹೆಸರು ಕೇಳಿದರು. ಹೇಳಿದಳು. ಊರು ಕೇಳಿದರು. ಹೇಳಿದಳು. ಗಂಡನ ಹೆಸರು ಕೇಳಿದಾಗ ಸುಮ್ಮನಾದಳು. ನಮ್ಮ ಕಡೆ ಹೆಂಗಸರು ಅದನ್ನು ಹೇಳುವುದಿಲ್ಲ ಎಂದು ಕೋಮಲಾ ಡಾಕ್ಟರಿಗೆ ತಿಳಿಸಿದಳು. ನನಗೆ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಪೂರ್ತಿ ಉಸಿರು ಬಂತು. ಬದುಕುತ್ತಾಳೆ ಎನ್ನಿಸಿತು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಅವಳಿಗೆ ಕಾಣದ ಹಾಗೆ.

ನೆನಪು ಎಷ್ಟು ಉಳಿದಿದೆ ನೋಡಬೇಕಿತ್ತು ಎಂದು ಕಾಣುತ್ತದೆ. ಕೊನೆಗೆ ನಿನಗೆ ನೆನಪಿರುವುದು ಏನು ಎಂದು ಡಾಕ್ಟರು ಕೇಳಿದರು. ಕೋಮಲಾ ಮಾಸ್ಕನ್ನು ಬೆರಳಷ್ಟು ಎತ್ತಿ ಹಿಡಿದಳು. ಸುಕನ್ಯಾ ಪರೀಕ್ಷೆಗೆ ಕೂತ ಹುಡುಗಿಯಂತೆ ಯೋಚಿಸಿ, ಒಂದೊಂದೇ ಮಾತನ್ನು ಜೋಡಿಸಿ ಹೇಳಿದಳು.

"ಕಣ್ಣಿಗೆ ಕತ್ತಲಿ ಬರಾಕತ್ತಿತ್ರಿ. ಇಳದು ಹೊರಗ ಹೋಗಬೇಕಂತ ಕಾಲು ಎತ್ತಿದ್ದೆ. ಅಷ್ಟರಾಗ ಮೇಸ್ತ್ರಿ ಬೈಕ್ ಬಂದಿದ್ದು ಕೇಳ್ತು. ಬಂದ್ರಲ್ಲ, ಈಗ ಒಳಗ ಬರ್ತಾರ, ಎಂಜಿನ್ ಸಪ್ಪಳ ಕೇಳ್ತಾರ ಅಂತ ಮತ್ತ ಕಾಲು ಇಟ್ಟೆ."

ನೆನಪು ಚೆನ್ನಾಗಿದೆ, ಒಳ್ಳೆಯ ಲಕ್ಷಣ ಎಂದರು ಡಾಕ್ಟರು. ಕೋಮಲಾ ಮಾಸ್ಕನ್ನು ಮತ್ತೆ ಅವಳ ಮೂಗಿನ ಮೇಲೆ ಕೂರಿಸಿದಳು.